ಸಮುದ್ರತೀರವು ಯಾರದು?

ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ಸೀಮಾವಿವಾದವನ್ನೂ ಒಂದಾಗಿ ಎಣಿಸಿರುವರು. ಗ್ರಾಮಗಳ ಎಲ್ಲೆಯನ್ನು ಆಲ, ಅರಳಿ, ಮುತ್ತುಗ ಮೊದಲಾದ ಮರಗಳಿಂದ ಗುರುತಿಸಬೇಕೆಂದೂ, ಕಲ್ಲು, ಇದ್ದಲು, ಹೊಟ್ಟು, ಬೂದಿಗಳನ್ನು ನೆಲದೊಳಗೆ ಗುಪ್ತವಾಗಿ ಹೂಳಿಡಬೇಕೆಂದೂ ಮನುಸ್ಮೃತಿಯು ವಿಧಿಸಿದೆ. ನೆಲಕ್ಕೆ ಈ ಉಪಾಯವು ಸಾಕು. ಆದರೆ ದಿನಕ್ಕೆರಡು ಬಾರಿ ಏರಿ ಇಳಿಯುವ ಕಡಲಿನ ಅಂಚಿನಲ್ಲಿ ಯಾವ ಮರವನ್ನು ನೆಡೋಣ? ಈ ಪ್ರಶ್ನೆಯನ್ನು ಬಹುಕಾಲ ವಾದಿಸಿದ ಪುಟ್ಟ ಸಂಸ್ಥಾನವೊಂದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕದ 50 ಸಂಸ್ಥಾನಗಳಲ್ಲಿ ರೋಡ್ ಐಲೆಂಡ್ ಎಲ್ಲಕ್ಕಿಂತ ಚಿಕ್ಕದು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟೂ ವಿಸ್ತಾರವಾದುದಲ್ಲ. ಆದರೂ ಕಡಲು ಕೊಲ್ಲಿಯಾಗಿ ಒಳನುಗ್ಗಿರುವುದರಿಂದ, ಅದರ ತೀರವನ್ನು ಅಂಕುಡೊಂಕುಗಳೊಡನೆ ಅಳೆದರೆ ಸುಮಾರು 400 ಮೈಲಿಗಳಾಗುವುದು. ಮತವಿಷಯದಲ್ಲಿ ಸ್ವತಂತ್ರವಾಗಿ ಮಾತನಾಡಿದುದಕ್ಕಾಗಿ ಮ್ಯಾಸಚೂಸೆಟ್ಸ್‌ನಿಂದ ಬಹಿಷ್ಕೃತನಾದ ರಾಜರ್ ವಿಲಿಯಮ್ಸ್ ಎಂಬಾತನು 1636ರಲ್ಲಿ ಇಲ್ಲಿ ಪ್ರಾವಿಡೆನ್ಸ್ ಪಟ್ಟಣವನ್ನು ಸ್ಥಾಪಿಸಿದನು.

ಅವನ ವಂಶದವಳಾದ ಬೆಟ್ಸಿ ವಿಲಿಯಮ್ಸ್ ಎಂಬ ಮಹಿಳೆಯು 1871ರಲ್ಲಿ ತೀರಿಕೊಂಡಳು. ಪಿತ್ರಾರ್ಜಿತವಾದ 102 ಎಕರೆ ಜಮೀನನ್ನು ಸಾರ್ವಜನಿಕ ಉದ್ಯಾನಕ್ಕೆಂದು ಅವಳು ಆ ಪಟ್ಟಣಕ್ಕೆ ಬರೆದಿಟ್ಟಿದ್ದಳು. ಪೂರ್ವಜನ ಹೆಸರನ್ನು ಹೊತ್ತ ಆ ಉದ್ಯಾನವು ಬೆಳೆದು ಈಗ 400 ಎಕರೆಗಳನ್ನು ಮೀರಿದೆ. ಅಲ್ಲಿ ಕೊಳಗಳುಂಟು, ಮೃಗಾಲಯವುಂಟು. ದಾನಪತ್ರವೂ ಎಲ್ಲೆಯೂ ಸ್ಪಷ್ಟವಾಗಿರುವುದರಿಂದ ಅದರಲ್ಲಿ ಅಡ್ಡಾಡುವವನನ್ನು ‘ನೀನು ಯಾರು?’ ಎಂದು ಕೇಳುವವರಿಲ್ಲ.

ತೀರದ ಮಾತು ಬೇರೆ. ಅದನ್ನು ಯಾರೂ ದಾನವಿತ್ತುದಲ್ಲ, ರೂಢಿಯಿಂದ ಬಂದುದು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯು 1663ರಲ್ಲಿ ಕೊಟ್ಟ ಸನ್ನದಿನಿಂದಲೂ ಪೂರ್ವಾಚಾರದಿಂದಲೂ ಪ್ರಜೆಗಳು ಪಡೆದಿದ್ದ ತೀರದ ಹಕ್ಕುಗಳು ಮುಂದೆಯೂ ನಡೆಯತಕ್ಕವೆಂದು 1843ರಲ್ಲಿ ಜಾರಿಗೆ ಬಂದ ಸಂವಿಧಾನವು ಸಾರಿತು. ಆ ಹಕ್ಕುಗಳು ಯಾವುವೆಂಬುದನ್ನು 1986ರ ತಿದ್ದುಪಡಿಯು ಬಿಡಿಸಿ ಹೇಳಿತು: ದಡದಿಂದ ಮೀನು ಹಿಡಿಯುವುದು, ಕಡಲಪಾಚಿಯನ್ನು ಒಟ್ಟುಮಾಡುವುದು, ಈಜಲು ನೀರಿಗಿಳಿಯುವುದು, ತೀರದುದ್ದಕ್ಕೂ ನಡೆಯುವುದು. ಪಾಚಿಯ ಮಾತನ್ನು ಕೇಳಿ ನಗಬಾರದು. ಹಿಂದೆ ಅಲ್ಲಿಯ ರೈತರು ಗಾಡಿಗಟ್ಟಲೆ ಪಾಚಿಯನ್ನು ಹೊತ್ತೊಯ್ದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು.

ಇನ್ನು ಎಲ್ಲೆಯ ವಿಚಾರ. ವೆಸ್ಟರ್ಲಿ ಎಂಬ ಊರಿನ ತೀರವನ್ನು ಶುಚಿಮಾಡುತ್ತಿದ್ದ ಕೆಲವರ ಮೇಲೆ ಪರರ ಜಮೀನಿನಲ್ಲಿ ಕಾಲಿಟ್ಟರೆಂಬ ಆರೋಪವು ಬಂದಿತು. ಆರೋಪವೇನೋ ನಿಲ್ಲಲಿಲ್ಲ. ಆದರೆ 1982ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು, 18.6 ವರ್ಷಗಳ ಭರತಗಳ ಎತ್ತರವನ್ನು ಸರಾಸರಿ ಮಾಡಿ ಬಂದ ಗೆರೆಯೇ ಎಲ್ಲೆಯೆಂದು ತೀರ್ಮಾನಿಸಿತು. ಪಂಚಾಂಗವನ್ನು ಬಲ್ಲವರಿಗೆ ಈ ಕಾಲಾವಧಿಯು ಹೊಸದಲ್ಲ. ರಾಹುಕೇತುಗಳು ರಾಶಿಚಕ್ರವನ್ನು ಒಮ್ಮೆ ಸುತ್ತಿಬರುವ ಕಾಲವೇ ಅದು. ಆ ಸುತ್ತಿನೊಡನೆ ಚಂದ್ರನ ಮಾರ್ಗದ ಓಲು ಬದಲಾಗಿ, ಭರತ ಇಳಿತಗಳ ಪ್ರಮಾಣವೂ ಏರುಪೇರಾಗುವುದು.

ಗಣಿತವು ನಿರ್ದುಷ್ಟವಾಗಿತ್ತು, ಮನುಷ್ಯನ ಕಣ್ಣಿಗೆ ಮಾತ್ರ ಗೋಚರವಾಗುತ್ತಿರಲಿಲ್ಲ. ಉಪಕರಣಗಳಿಲ್ಲದೆ ಆ ಗೆರೆಯನ್ನು ಕಾಣುವಂತಿಲ್ಲ. ಅನೇಕ ವೇಳೆ ಅದು ನೀರಿನ ಕೆಳಗೇ ಇರುವುದು. ಮಕ್ಕಳ ಕೈಹಿಡಿದು ಮರಳಿನಲ್ಲಿ ನಡೆಯಬಂದ ಗೃಹಸ್ಥನು ತಾನು ಹಕ್ಕುದಾರನೋ ಅಪರಾಧಿಯೋ ಎಂಬುದನ್ನು ಅರಿಯದಾದನು. ಹಕ್ಕು ಗ್ರಂಥದಲ್ಲಿತ್ತು, ಕಾಲಿಡಲು ನೆಲವಿರಲಿಲ್ಲ.

ಕೊನೆಗೆ 2023ರ ಜೂನಿನಲ್ಲಿ ಹೊಸ ಕಾನೂನಾಯಿತು. ಭರತವು ತಂದುಹಾಕಿದ ಪಾಚಿ, ಕಸಕಡ್ಡಿಗಳ ಸಾಲನ್ನು ಗುರುತಾಗಿ ಹಿಡಿದು, ಅಲ್ಲಿಂದ ಭೂಮಿಯ ಕಡೆಗೆ 10 ಅಡಿಗಳವರೆಗೆ ಪ್ರಜೆಗಳು ತಮ್ಮ ಹಕ್ಕನ್ನು ನಡೆಸಬಹುದೆಂದು ವಿಧಿಸಿದರು. ಹುಲ್ಲುಹಾಸು, ಕಡಲಗೋಡೆ, ಕಡಿದಾದ ಬಂಡೆಗಳಿಗೆ ಇದು ಅನ್ವಯಿಸದು. ತಾವು ಕ್ರಯಕೊಟ್ಟು ಕೊಂಡು ಕಂದಾಯ ಕಟ್ಟುವ ನೆಲವನ್ನು ಪರಿಹಾರವಿಲ್ಲದೆ ಕಿತ್ತುಕೊಂಡಂತಾಯಿತೆಂದು ತೀರದ ಒಡೆಯರಲ್ಲಿ ಕೆಲವರು ನ್ಯಾಯಾಲಯವನ್ನು ಹತ್ತಿದರು. ಆ ವಾದವನ್ನು ಲಘುವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಹತ್ತು ಅಡಿಯ ನಡೆದಾರಿಯಿಂದ ಒಡೆಯನಿಗೆ ಆಗುವ ನಷ್ಟವು ಅಲ್ಪವೆಂದೂ, ಅದಿಲ್ಲದಿದ್ದರೆ ಪ್ರಜೆಗಳಿಗೆ ತೀರವೇ ಇಲ್ಲವಾಗುವುದೆಂದೂ ನಮಗೆ ತೋರುತ್ತದೆ.

ಇಷ್ಟರಿಂದ ಎಲ್ಲವೂ ಮುಗಿಯಿತೆನ್ನುವಂತಿಲ್ಲ. ತೀರವು ಪ್ರಜೆಗಳದಾದರೂ ಅಲ್ಲಿಗೆ ಹೋಗುವ ದಾರಿಯು ಬೇಕಷ್ಟೆ! ಮನೆಗಳ ನಡುವೆ ಕಡಲಿಗೆ ಇಳಿಯುವ 200ಕ್ಕೂ ಹೆಚ್ಚು ಸಾರ್ವಜನಿಕ ಹಾದಿಗಳನ್ನು ಅಲ್ಲಿ ಗೊತ್ತುಮಾಡಿರುವರು. ಆದರೆ ವಾಹನವನ್ನು ನಿಲ್ಲಿಸಲು ತಾವಿಲ್ಲದಿದ್ದರೆ ದೂರದ ಊರಿನವರಿಗೆ ಹಾದಿಯಿದ್ದೂ ಫಲವೇನು? ಅದೂ ಅಲ್ಲದೆ ಸಮುದ್ರದ ಮಟ್ಟವು ಏರುತ್ತಿದೆ. ಹಿಂದೆ ಗೋಡೆ, ಮುಂದೆ ಏರುವ ನೀರು, ಇವೆರಡರ ನಡುವೆ ಸಿಕ್ಕಿದ ಮರಳು ವರ್ಷೇ ವರ್ಷೇ ಸವೆಯುವುದು.

ನಮ್ಮ ಪೂರ್ವಿಕರು ಎಲ್ಲೆಗೆ ಆಲದ ಮರವನ್ನೇ ಆರಿಸಿದುದೇಕೆ? ಓದುಬರಹ ಬಾರದ ದನಗಾಹಿಯೂ ಅದನ್ನು ದೂರದಿಂದಲೇ ಗುರುತಿಸಬಲ್ಲನು. ಎಲ್ಲರಿಗೂ ಸೇರಿದ ವಸ್ತುವಿನ ಎಲ್ಲೆಯು ಎಲ್ಲರ ಕಣ್ಣಿಗೂ ಕಾಣಬೇಕು. ಪಂಡಿತನಿಗೆ ಮಾತ್ರ ಕಾಣುವ ಎಲ್ಲೆಯು ಕಾಲಕ್ರಮದಲ್ಲಿ ಬಲಶಾಲಿಯ ಎಲ್ಲೆಯಾಗಿಬಿಡುವುದು. ಆ ಪುಟ್ಟ ಸಂಸ್ಥಾನದವರು ಸೂಕ್ಷ್ಮವಾದ ಲೆಕ್ಕವನ್ನು ಬದಿಗಿರಿಸಿ, ಕಡಲೇ ದಿನಕ್ಕೆರಡು ಸಲ ತನ್ನ ಕೈಯಾರೆ ಎಳೆಯುವ ಪಾಚಿಯ ಗೆರೆಯನ್ನು ಒಪ್ಪಿಕೊಂಡುದು ವಿವೇಕವೆಂದೇ ನಾವು ಎಣಿಸುತ್ತೇವೆ.