ಉತಾರ ಯಾರ ಹೆಸರಿನಲ್ಲಿದೆ?

(ಪ್ರಭುವಿನ ಸ್ವರ್ಗಾರೋಹಣ ಹಬ್ಬ ಹಾಗೂ ವಿಶ್ವ ಸಂಪರ್ಕ ಮಾಧ್ಯಮ ದಿನದ ಚಿಂತನೆ)



ಸ್ವರ್ಗಾರೋಹಣದ ಹಬ್ಬವನ್ನು ಹೊಣೆ ಒಪ್ಪಿಸಿದ ಹಬ್ಬವೆಂದೂ ಕರೆಯಬಹುದು. ಯೇಸುಸ್ವಾಮಿ ತಾವು ಆರಂಭಿಸಿದ ಕಾರ್ಯವನ್ನು ಶಿಷ್ಯರ ಕೈಗೆ ಕೊಟ್ಟು ತಂದೆಯ ಬಳಿಗೆ ಹೋದರು. ಆಕಾಶವನ್ನೇ ದಿಟ್ಟಿಸುತ್ತ ನಿಂತಿದ್ದ ಶಿಷ್ಯರನ್ನು ಬಿಳಿಯುಡುಪಿನ ಇಬ್ಬರು ಎಚ್ಚರಿಸಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿದೆ. ಜೆರುಸಲೇಮಿಗೆ ಮರಳಿದ ಮೇಲೆ ಅವರು ಪ್ರಾರ್ಥನೆಯಲ್ಲಿ ನಿರತರಾದರು. ಆ ದಿನಗಳಲ್ಲೇ ಯೂದನಿಂದ ತೆರವಾದ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದರು. ಹೊಣೆಯ ಜಾಗ ಖಾಲಿ ಬೀಳಬಾರದೆಂಬುದನ್ನು ಆದಿ ಧರ್ಮಸಭೆ ಅಷ್ಟು ಬೇಗ ಅರಿತುಕೊಂಡಿತ್ತು.

ಪೆಂತೆಕೋಸ್ತಿನ ಹಿಂದಿನ ಭಾನುವಾರವನ್ನು ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನವಾಗಿಯೂ ಆಚರಿಸುತ್ತದೆ. ಇಂಥ ಒಂದು ದಿನ ಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರ ತನ್ನ ದಾಖಲೆಯಲ್ಲಿ ಹೇಳಿತು. ಆಚರಣೆ 1967ರಲ್ಲಿ ಮೊದಲಾಯಿತು. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಆ ದಿನದ ಸಂದೇಶವನ್ನು ಅಂತರ್ಜಾಲಕ್ಕೇ ಮೀಸಲಿಟ್ಟು, ಶುಭಸಂದೇಶವನ್ನು ಸಾರಲು ಅದೊಂದು ಹೊಸ ವೇದಿಕೆಯೆಂದರು.

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ನಮ್ಮ ಕುಟುಂಬಗಳು ಕೆಲವೇ, ಅವೂ ಚದುರಿಕೊಂಡಿವೆ. ಮಕ್ಕಳು ಓದಿಗೆ, ದುಡಿಮೆಗೆ ಹುಬ್ಬಳ್ಳಿ, ಬೆಂಗಳೂರು, ಗೋವಾ ಎಂದು ಹೋಗುತ್ತಾರೆ. ಇಂಥ ಕಡೆ ಒಂದು ಯುವಜನ ಕ್ಲಬ್ ತನ್ನದೇ ವೆಬ್‌ಸೈಟ್ ಮಾಡಿಕೊಂಡರೆ ಅದು ಸಣ್ಣ ಸಂಗತಿಯಲ್ಲ. ಹಬ್ಬದ ಫೋಟೋ, ಬಲಿಪೂಜೆಯ ವೇಳೆ, ಅಗಲಿದ ಹಿರಿಯರ ಹೆಸರು, ಪಂದ್ಯಾಟದ ಫಲಿತಾಂಶ ಎಲ್ಲವೂ ದೂರದಲ್ಲಿರುವ ಮಗನಿಗೆ, ಮಗಳಿಗೆ ಒಂದೇ ಕಡೆ ಸಿಗುತ್ತವೆ. ವಾಟ್ಸಾಪ್‌ನಲ್ಲಿ ಬಂದದ್ದು ಎರಡು ದಿನದಲ್ಲಿ ಕೆಳಗೆ ಹೂತುಹೋಗುತ್ತದೆ. ಹೊಸದಾಗಿ ಗುಂಪಿಗೆ ಸೇರಿದವರಿಗೆ ಹಳೆಯದು ಕಾಣುವುದೂ ಅಪರೂಪ. ವೆಬ್‌ಸೈಟ್ ಹಾಗಲ್ಲ, ಅದು ಊರ ಕಟ್ಟೆಯಂತೆ ಎಲ್ಲರಿಗೂ ತೆರೆದಿರುತ್ತದೆ.

ಕ್ಲಬ್ಬಿನ ಬಳಿ ಹಣವಿಲ್ಲದ್ದರಿಂದ ಸಾಮಾನ್ಯವಾಗಿ ಪುಕ್ಕಟೆ ಸಿಗುವ ಜಾಗದಲ್ಲೇ ಇದನ್ನು ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಕಡೆ ಹೊಲದ ಮಾತು ಬಂದಾಗ ಹಿರಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಉತಾರ ಯಾರ ಹೆಸರಿನಲ್ಲಿದೆ? ವೆಬ್‌ಸೈಟಿಗೂ ಅದನ್ನೇ ಕೇಳಬೇಕು.

ಒಂದು ವೆಬ್‌ಸೈಟಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಅದರ ಹೆಸರು, ಅಂದರೆ ವಿಳಾಸ. ಎರಡನೆಯದು ಜಾಗ, ಅಂದರೆ ಹಗಲಿರುಳು ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಸಿಗುವ ಸ್ಥಳ. ಇದನ್ನು ಹೋಸ್ಟಿಂಗ್ ಎನ್ನುತ್ತಾರೆ. ಮೂರನೆಯದು ನಾವು ಅಲ್ಲಿ ಇಡುವ ಬರಹ ಮತ್ತು ಚಿತ್ರಗಳು. ಪುಕ್ಕಟೆ ಸೇವೆಯಲ್ಲಿ ಜಾಗ ಕಂಪನಿಯದು, ವಿಳಾಸದಲ್ಲೂ ಅದರ ಹೆಸರು ಸೇರಿರುತ್ತದೆ. ಬರಹ ಮತ್ತು ಚಿತ್ರಗಳು ಮಾತ್ರ ನಮ್ಮವು. ಲಾವಣಿಗೆ ಮಾಡಿದ ಹೊಲದಂತೆ ಇದು: ಬೆಳೆ ನಮ್ಮದು, ಭೂಮಿ ಪರರದು. ನಮ್ಮ ಪುಟದಲ್ಲಿ ಜಾಹೀರಾತು ತೋರಿಸಿಯೋ, ಮುಂದೆ ಹಣ ಕೊಟ್ಟು ದೊಡ್ಡ ಜಾಗ ಪಡೆಯುತ್ತೇವೆಂಬ ನಿರೀಕ್ಷೆಯಿಂದಲೋ ಕಂಪನಿ ತನ್ನ ಖರ್ಚು ತೂಗಿಸುತ್ತದೆ. ಆ ಲೆಕ್ಕ ಕೂಡಿಬರದಿದ್ದರೆ ಸೇವೆಯನ್ನೇ ನಿಲ್ಲಿಸುತ್ತದೆ.

ಹಾಗೆ ನಿಂತದ್ದೂ ಉಂಟು. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ಸೇವೆ ಯಾರು ಬೇಕಾದರೂ ಪುಕ್ಕಟೆಯಾಗಿ ವೆಬ್‌ಸೈಟ್ ಕಟ್ಟಿಕೊಳ್ಳಲು ಜಾಗ ಕೊಟ್ಟಿತು. ಸಂಘ ಸಂಸ್ಥೆಗಳು, ಮನೆತನಗಳು, ವಿದ್ಯಾರ್ಥಿಗಳು ಅಲ್ಲಿ ಕೋಟಿಗಟ್ಟಲೆ ಪುಟ ಮಾಡಿದರು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್ 26ರಂದು, ಜಪಾನಿನ ಸೇವೆಯೊಂದನ್ನು ಬಿಟ್ಟು, ಉಳಿದೆಲ್ಲವನ್ನೂ ಮುಚ್ಚಿತು. ಮುಂಚೆಯೇ ತಿಳಿಸಿತ್ತು, ನಿಜ. ಆದರೆ ಎಷ್ಟೋ ಪುಟಗಳ ಒಡೆಯರು ಗುಪ್ತಪದ ಮರೆತಿದ್ದರು, ಇಮೇಲ್ ಬದಲಿಸಿದ್ದರು, ಕೆಲವರು ತೀರಿಕೊಂಡಿದ್ದರು. ಕೆಲವು ಸ್ವಯಂಸೇವಕರು ಮತ್ತು 1996ರಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಸೇರಿ ಬಹಳಷ್ಟನ್ನು ನಕಲು ಮಾಡಿ ಉಳಿಸಿದರು, ಉಳಿದದ್ದು ಹೋಯಿತು. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆರ್ಕುಟ್ ಕೂಡ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಹೀಗಾಗಿ ಕ್ಲಬ್ಬಿನವರು ಮೂರು ವಿಷಯ ಗಮನಿಸಬೇಕು.

ಮೊದಲನೆಯದು ಬೀಗದ ಕೈ. ಹೆಚ್ಚಿನ ಕಡೆ ಒಬ್ಬ ಹುಡುಗ ತನ್ನ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರಿನಿಂದ ಖಾತೆ ತೆರೆದಿರುತ್ತಾನೆ. ಅವನು ಗೋವಾಕ್ಕೆ ಹೋಗಿ ಸಿಮ್ ಬದಲಿಸಿದನೆಂದರೆ, ಖಾತೆ ತೆರೆಯಲು ಬೇಕಾದ ಒಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿತು. ಆದ್ದರಿಂದ ಕ್ಲಬ್ಬಿನ ಹೆಸರಿನಲ್ಲೇ ಒಂದು ಇಮೇಲ್ ಇರಲಿ. ಅದನ್ನು ತೆರೆಯಬಲ್ಲವರು ಇಬ್ಬರಿರಲಿ. ಗುಪ್ತಪದವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಧರ್ಮಕೇಂದ್ರದ ಕಪಾಟಿನಲ್ಲಿ ಇಡಿ. ಪದಾಧಿಕಾರಿಗಳು ಬದಲಾದ ದಿನವೇ ಲೆಕ್ಕದ ಪುಸ್ತಕದ ಜೊತೆ ಅದೂ ಹಸ್ತಾಂತರವಾಗಲಿ.

ಎರಡನೆಯದು ನಕಲು. ಬಿತ್ತನೆ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳದ ರೈತನಿಲ್ಲ. ವೆಬ್‌ಸೈಟಿಗೆ ಹಾಕಿದ ಪ್ರತಿಯೊಂದು ಬರಹ, ಚಿತ್ರ ನಮ್ಮ ಕಂಪ್ಯೂಟರಿನಲ್ಲಿ ಒಂದು, ಬೇರೆ ಕಡೆ ಪೆನ್‌ಡ್ರೈವಿನಲ್ಲಿ ಒಂದು ಇರಬೇಕು. ಪ್ರತಿ ಹಬ್ಬ ಮುಗಿದ ವಾರ ಈ ಕೆಲಸ ಮಾಡಿದರೆ ಮರೆಯುವುದಿಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಿಂದೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಪುಟಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆ ತಂತ್ರಾಂಶಗಳಲ್ಲೇ ಈಗ ಯೂನಿಕೋಡ್ ಸೌಲಭ್ಯವಿದೆ.

ಮೂರನೆಯದು ಹೆಸರು. ಜಾಗ ಪುಕ್ಕಟೆಯಾಗಿದ್ದರೂ ವಿಳಾಸವನ್ನು ಮಾತ್ರ ನಾವೇ ನೋಂದಾಯಿಸಿಕೊಳ್ಳಬಹುದು. ವರ್ಷಕ್ಕೆ ಸುಮಾರು ಒಂದು ಸಾವಿರ ರೂಪಾಯಿ ಖರ್ಚು ಬರುತ್ತದೆ. ಇಂದಿನ ಸೇವೆ ನಾಳೆ ನಿಂತರೆ ಬರಹ, ಚಿತ್ರಗಳನ್ನು ಇನ್ನೊಂದು ಜಾಗಕ್ಕೆ ಒಯ್ದು ಅದೇ ವಿಳಾಸ ಉಳಿಸಿಕೊಳ್ಳಬಹುದು. ಓದುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಸಕಾಲಕ್ಕೆ ನವೀಕರಿಸದಿದ್ದರೆ ಆ ಹೆಸರು ಬೇರೆಯವರ ಪಾಲಾಗುತ್ತದೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ್ದನ್ನು (ಲೂಕ 14:28) ಇಲ್ಲಿ ನೆನೆಯಬೇಕು.

ಈ ಹಣ ಎಲ್ಲಿಂದ ತರುವುದು ಎಂದರೆ, ದಾರಿಯನ್ನು ನಮ್ಮ ಜಿಲ್ಲೆಯೇ ತೋರಿಸಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಸಂಘ ಹುಟ್ಟಿತು. ಒಬ್ಬನಿಂದಾಗದ್ದನ್ನು ಹಲವರು ಸ್ವಲ್ಪ ಸ್ವಲ್ಪ ಹಾಕಿ ಮಾಡಿದರು. ಲೆಕ್ಕವನ್ನು ಎಲ್ಲರ ಮುಂದೆ ಇಟ್ಟರು. ಇಪ್ಪತ್ತು ಮನೆಗಳು ವರ್ಷಕ್ಕೆ ಐವತ್ತು ರೂಪಾಯಿ ಕೊಟ್ಟರೆ ವಿಳಾಸ ನಮ್ಮದಾಗುತ್ತದೆ.

ಇಷ್ಟು ಮಾಡಿದ ಮೇಲೂ ಎರಡು ಎಚ್ಚರಿಕೆ ಬೇಕು. ಹಳೆಯ ಸುದ್ದಿ ಸುಳ್ಳಿಗೆ ಸಮ. ಹೋದ ವರ್ಷದ ಬಲಿಪೂಜೆಯ ವೇಳೆಯನ್ನು ನಂಬಿ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಅಜ್ಜಿಗೆ ಮುಚ್ಚಿದ ಬಾಗಿಲು ಕಂಡರೆ ಅದಕ್ಕೆ ನಾವೇ ಹೊಣೆ. ತಿಂಗಳಿಗೊಮ್ಮೆ ನೋಡಿ ತಿದ್ದಲು ಆಗದಿದ್ದರೆ ವೇಳೆಯನ್ನು ಹಾಕಲೇಬೇಡಿ. ಇನ್ನೊಂದು, ಮಕ್ಕಳ ಫೋಟೋ. ಪ್ರಥಮ ಪರಮಪ್ರಸಾದದ ಚಿತ್ರವನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಹಾಕಬಾರದು. ಮನೆಯ ವಿಳಾಸ, ಫೋನ್ ನಂಬರ್ ಬೇಡವೇ ಬೇಡ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಎತ್ತಿಹೇಳುತ್ತದೆ.

ಇವೆಲ್ಲ ಧರ್ಮಸಭೆಗೆ ಹೊಸ ಪಾಠಗಳೇನಲ್ಲ. ಪ್ರತಿ ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳಿರಬೇಕು, ಅವನ್ನು ಜೋಪಾನವಾಗಿ ಕಾಯಬೇಕು ಎಂದು ಧರ್ಮಸಭೆಯ ಕಾನೂನಿನ 535ನೇ ವಿಧಿ ಹೇಳುತ್ತದೆ. ಆ ಪುಸ್ತಕ ಯಾವ ಗುರುವಿನ ಸ್ವಂತ ಆಸ್ತಿಯೂ ಅಲ್ಲ. ಗುರುಗಳು ವರ್ಗವಾಗಿ ಹೋಗುತ್ತಾರೆ, ಪುಸ್ತಕ ಉಳಿಯುತ್ತದೆ. ಅದರಿಂದಲೇ ಅಜ್ಜನ ದೀಕ್ಷಾಸ್ನಾನದ ದಿನ ಮೊಮ್ಮಗನಿಗೆ ಸಿಗುತ್ತದೆ. ನಮ್ಮ ಕ್ಲಬ್ಬಿನ ಪುಟದಲ್ಲಿರುವುದೂ ಒಂದು ಚಿಕ್ಕ ಸಮುದಾಯದ ನೆನಪೇ. ಕೆಲವೇ ಮನೆಗಳಿರುವ ಕಡೆ ಆ ನೆನಪು ಅಳಿಸಿದರೆ ಹೇಳಲು ಬೇರೆ ಯಾರೂ ಇರುವುದಿಲ್ಲ.

ಯುವಕ ಯುವತಿಯರು ಸಂತ ಕಾರ್ಲೊ ಅಕುತಿಸ್‌ನನ್ನು ನೋಡಲಿ. ಇಟಲಿಯ ಮಿಲಾನ್ ನಗರದಲ್ಲಿ ಬೆಳೆದ ಈ ಹುಡುಗ ಕಂಪ್ಯೂಟರನ್ನು ತಾನೇ ಕಲಿತು ತನ್ನ ಧರ್ಮಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟ. ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಅಂತರ್ಜಾಲದಲ್ಲಿಟ್ಟ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 15 ವರ್ಷ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅವನನ್ನು ಸಂತನೆಂದು ಘೋಷಿಸಿದರು. ಅವನ ಸಂಗ್ರಹ ಅವನೊಂದಿಗೆ ಮಣ್ಣಾಗಲಿಲ್ಲ. ತಾಯಿಯೂ ಇತರರೂ ಅದನ್ನು ಕೈಗೆತ್ತಿಕೊಂಡು ಮುಂದುವರಿಸಿದರು. ಅದು ಪ್ರದರ್ಶನವಾಗಿ ದೇಶದೇಶಗಳನ್ನು ಸುತ್ತಿತು. ಒಬ್ಬನ ಉತ್ಸಾಹವನ್ನು ಹಲವರು ಹೊತ್ತದ್ದರಿಂದ ಅದು ಉಳಿಯಿತು.

ಪ್ರಿಯರೇ, ಈ ಹಬ್ಬದಂದು ಬಲಿಪೂಜೆ ಮುಗಿದ ಮೇಲೆ ನಿಮ್ಮ ಕ್ಲಬ್ಬಿನವರು ಅರ್ಧ ಗಂಟೆ ಕೂಡಿ ಕುಳಿತುಕೊಳ್ಳಿ. ಖಾತೆ ಯಾರ ಹೆಸರಿನಲ್ಲಿದೆ, ನಕಲು ಎಲ್ಲಿದೆ, ಮುಂದಿನ ವರ್ಷ ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಂಡು ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ತಮ್ಮ ಕಾರ್ಯವನ್ನು ನಂಬಿ ನಮ್ಮ ಕೈಗೆ ಒಪ್ಪಿಸಿದ ಪ್ರಭು, ಸಣ್ಣ ಹೊಣೆಗಳಲ್ಲೂ ನಮ್ಮನ್ನು ಪ್ರಾಮಾಣಿಕರನ್ನಾಗಿಸಲಿ. ಪವಿತ್ರಾತ್ಮರ ಬೆಳಕು ನಿಮ್ಮ ಕುಟುಂಬಗಳ ಮೇಲಿರಲಿ. ಆಮೆನ್.