ಆಸ್ಪತ್ರೆ ಉಳಿಸಲು ಸಹಿ ಸಂಗ್ರಹ ಸಾಕೇ?

2001ರಲ್ಲಿ ಬ್ರಿಟನ್ನಿನ ಸಂಸತ್ತಿಗೆ ನಡೆದ ಚುನಾವಣೆಯಲ್ಲಿ ವಾಯರ್ ಫಾರೆಸ್ಟ್ ಎಂಬ ಕ್ಷೇತ್ರ ದೇಶದ ಗಮನ ಸೆಳೆಯಿತು. ಯಾವ ದೊಡ್ಡ ಪಕ್ಷಕ್ಕೂ ಸೇರದ ನಿವೃತ್ತ ವೈದ್ಯ ರಿಚರ್ಡ್ ಟೇಲರ್, ಆಳುವ ಲೇಬರ್ ಪಕ್ಷದ ಕಿರಿಯ ಸಚಿವರೊಬ್ಬರನ್ನು 17,630 ಮತಗಳ ಅಂತರದಿಂದ ಸೋಲಿಸಿದ್ದರು. ಅವರು ಊರೂರು ತಿರುಗಿ ಆಡಿದ್ದು ಹೆಚ್ಚುಕಡಿಮೆ ಒಂದೇ ಮಾತು. ಅಲ್ಲಿನ ಕಿಡರ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿ 2000ದಲ್ಲಿ ಮುಚ್ಚಿದ ತುರ್ತು ಚಿಕಿತ್ಸಾ ವಿಭಾಗ ಮತ್ತೆ ತೆರೆಯಬೇಕು. 2005ರಲ್ಲೂ ಜನ ಅವರನ್ನೇ ಗೆಲ್ಲಿಸಿದರು.

ತುರ್ತು ವಿಭಾಗ ಮಾತ್ರ ವಾಪಸ್ ಬರಲಿಲ್ಲ. ಸಣ್ಣಪುಟ್ಟ ಗಾಯಗಳಿಗೆ ಪಟ್ಟಿ ಕಟ್ಟುವ ಘಟಕವೇ ಆ ಊರಿಗೆ ಉಳಿದದ್ದು.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸೇವೆಗಳನ್ನು ಬದಲಿಸುವ ಮುನ್ನ ಜನರ ಅಭಿಪ್ರಾಯ ಕೇಳಬೇಕೆಂಬ ಕಾನೂನು ಇದೆ. ಕಟ್ಟಡ ಕಟ್ಟುವ, ಕೆಡಹುವ ಅನುಮತಿಗೂ ಆಕ್ಷೇಪಣೆ ಆಹ್ವಾನಿಸುತ್ತಾರೆ. ಈ ಎರಡು ವ್ಯವಸ್ಥೆಗಳ ಸುತ್ತ ಬೆಳೆದ ನಂಬಿಕೆಗಳಿಗೂ ಕಾನೂನಿಗೂ ಅನೇಕ ಕಡೆ ತಾಳಮೇಳವಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ಕನ್ನಡಿಗ ವೈದ್ಯರು, ನರ್ಸ್‌ಗಳು ಅಲ್ಲಿ ನೌಕರರೂ ಹೌದು, ಅದೇ ಬೀದಿಯ ನಿವಾಸಿಗಳೂ ಹೌದು. ಹಾಗಾಗಿ ಈ ಗೊಂದಲ ಅವರ ಮನೆ ಬಾಗಿಲಿಗೂ ಬರುತ್ತದೆ.

"ಹೆಚ್ಚು ಜನ ಬೇಡವೆಂದರೆ ಯೋಜನೆ ಬಿದ್ದುಹೋಗುತ್ತದೆ"

ಇಲ್ಲ. ಸಾರ್ವಜನಿಕ ಸಮಾಲೋಚನೆ ಮತದಾನವಲ್ಲ, ಅಲ್ಲಿ ತಲೆ ಎಣಿಸುವುದಿಲ್ಲ. ಶೇ. 90ರಷ್ಟು ಉತ್ತರಗಳು ವಿರುದ್ಧವಾಗಿದ್ದರೂ ಆರೋಗ್ಯ ಮಂಡಳಿ ತನ್ನ ಯೋಜನೆಯನ್ನು ಕಾನೂನುಬದ್ಧವಾಗಿಯೇ ಮುಂದುವರಿಸಬಹುದು. ಆದರೆ ಬಂದ ಮಾತುಗಳನ್ನು ಮನಸ್ಸಿಟ್ಟು ಪರಿಶೀಲಿಸಿದ್ದೇನೆ ಎಂದು ತೋರಿಸುವ ಹೊಣೆ ಅದರ ಮೇಲಿರುತ್ತದೆ. ಒಂದೇ ಒಕ್ಕಣೆಯ ಸಾವಿರ ಪತ್ರಗಳಿಗಿಂತ, ಕಾರಿಲ್ಲದ ಗರ್ಭಿಣಿ ರಾತ್ರಿ ಹತ್ತರ ಮೇಲೆ ಯಾವ ಬಸ್ಸಿನಲ್ಲಿ ಹೋಗಬೇಕು ಎಂದು ವೇಳಾಪಟ್ಟಿ ಸಮೇತ ಕೇಳಿದ ಒಂದು ಪತ್ರಕ್ಕೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಕಷ್ಟ.

"ಎಲ್ಲ ಮೊದಲೇ ತೀರ್ಮಾನ, ಇದು ಬರೀ ನಾಟಕ"

ಹಿಂದಿನ ನಂಬಿಕೆ ಮುರಿದುಬಿದ್ದವರು ಸಾಮಾನ್ಯವಾಗಿ ಈ ತುದಿಗೆ ಬಂದು ನಿಲ್ಲುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಹಾಗೆ ನಾಟಕವಾಡಿ ಸಿಕ್ಕಿಬಿದ್ದರೆ ನಿರ್ಧಾರವೇ ರದ್ದಾಗಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

1985ರಲ್ಲಿ ಲಂಡನ್ನಿನ ಸ್ಥಳೀಯ ಸಂಸ್ಥೆ ಬ್ರೆಂಟ್ ಕೌನ್ಸಿಲ್ ಶಾಲೆಗಳನ್ನು ಮುಚ್ಚಲು, ವಿಲೀನಗೊಳಿಸಲು ಹೊರಟಾಗ ಪೋಷಕರು ಕೋರ್ಟಿಗೆ ಹೋದರು. ಅವರ ಪರ ವಕೀಲ ಸ್ಟೀಫನ್ ಸೆಡ್ಲಿ ನಾಲ್ಕು ಷರತ್ತುಗಳನ್ನು ಮುಂದಿಟ್ಟರು. ಯೋಜನೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು. ಬುದ್ಧಿಪೂರ್ವಕವಾಗಿ ಉತ್ತರಿಸಲು ಬೇಕಾದಷ್ಟು ಕಾರಣ, ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು. ಕೋರ್ಟು ಒಪ್ಪಿತು. ಆ ಮೊಕದ್ದಮೆಯ ಹೆಸರಿನಿಂದ ಗನ್ನಿಂಗ್ ತತ್ವಗಳೆಂದು ಹೆಸರಾದ ಇವನ್ನು 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಶಾಲೆಗಾಗಿ ಹುಟ್ಟಿದ ನಿಯಮವೇ ಇಂದು ಆಸ್ಪತ್ರೆ ಮೊಕದ್ದಮೆಗಳ ಬೆನ್ನೆಲುಬು.

ಎರಡನೆಯ ಷರತ್ತಿಗೆ ಎಷ್ಟು ಬಲವಿದೆ ಎಂಬುದಕ್ಕೆ ಲೀಡ್ಸ್ ಸಾಕ್ಷಿ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯನ್ನು ಕೆಲವೇ ಕೇಂದ್ರಗಳಲ್ಲಿ ಒಟ್ಟುಗೂಡಿಸಲು 2011ರಲ್ಲಿ ಸಮಾಲೋಚನೆ ನಡೆದು 75,000ಕ್ಕೂ ಹೆಚ್ಚು ಉತ್ತರಗಳು ಬಂದವು. ಲೀಡ್ಸ್, ಲೆಸ್ಟರ್ ಮತ್ತು ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ನಿಲ್ಲಬೇಕೆಂದು 2012ರ ಜುಲೈನಲ್ಲಿ ತೀರ್ಮಾನವಾಯಿತು. ತಜ್ಞರ ಸಮಿತಿ ಪ್ರತಿ ಆಸ್ಪತ್ರೆಗೂ ಅಂಕ ಕೊಟ್ಟಿತ್ತು. ಒಟ್ಟು ಅಂಕ ಪ್ರಕಟವಾಯಿತು, ಬಿಡಿ ಅಂಕಗಳನ್ನು ಕೊಡಲು ಅಧಿಕಾರಿಗಳು ಒಪ್ಪಲಿಲ್ಲ. ಎಲ್ಲಿ ಅಂಕ ಕಳೆದುಕೊಂಡೆವೆಂದು ಗೊತ್ತಿಲ್ಲದೆ ವಾದಿಸುವುದಾದರೂ ಹೇಗೆ? 2013ರ ಮಾರ್ಚ್‌ನಲ್ಲಿ ಹೈಕೋರ್ಟು ಆ ಪ್ರಕ್ರಿಯೆಯನ್ನು ನ್ಯಾಯಸಮ್ಮತವಲ್ಲವೆಂದಿತು. ಸ್ವತಂತ್ರ ಸಮಿತಿಯ ವರದಿಯೂ ವಿರುದ್ಧವಾಗಿ ಬಂದು, ಜೂನ್‌ನಲ್ಲಿ ಇಡೀ ಯೋಜನೆ ಸ್ಥಗಿತಗೊಂಡಿತು. ಎಪ್ಪತ್ತೈದು ಸಾವಿರ ಉತ್ತರಗಳು ತಡೆಯಲಾಗದ್ದನ್ನು ಮುಚ್ಚಿಟ್ಟ ಬಿಡಿ ಅಂಕಗಳು ಕೆಡವಿದವು.

ಹಾಗೆಂದು ಪ್ರತಿ ಗೆಲುವೂ ಸಮಾಲೋಚನೆಯ ಲೋಪದಿಂದ ಬರುವುದಿಲ್ಲ. ದಕ್ಷಿಣ ಲಂಡನ್ನಿನ ಲೂಯಿಶಮ್ ಆಸ್ಪತ್ರೆಯ ಕಥೆಯನ್ನು ಜನಶಕ್ತಿಯ ವಿಜಯವೆಂದೇ ಹೇಳುವುದು ರೂಢಿ. ಅದನ್ನು ಉಳಿಸಲು 2013ರ ಜನವರಿಯಲ್ಲಿ ನಡೆದ ಮೆರವಣಿಗೆಯಲ್ಲಿ ಸುಮಾರು 25,000 ಜನ ಸೇರಿದ್ದರೆಂದು ಅಂದಾಜು. ಪಕ್ಕದ ಸೌತ್ ಲಂಡನ್ ಹೆಲ್ತ್‌ಕೇರ್ ಟ್ರಸ್ಟ್ ದಿವಾಳಿ ಅಂಚಿಗೆ ಬಂದಿದ್ದರಿಂದ ಅದಕ್ಕೆ ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸಿದ್ದರು. ತಮ್ಮ ಟ್ರಸ್ಟಿಗೆ ಸೇರದ ಲೂಯಿಶಮ್ ಆಸ್ಪತ್ರೆಯ ತುರ್ತು ಮತ್ತು ಹೆರಿಗೆ ಸೇವೆಗಳನ್ನೂ ಕಡಿತಗೊಳಿಸಲು ಅವರು ಶಿಫಾರಸು ಮಾಡಿದರು. ಮೆರವಣಿಗೆ ಮುಗಿದು ವಾರವೂ ಕಳೆದಿರಲಿಲ್ಲ, ಆರೋಗ್ಯ ಸಚಿವ ಜೆರೆಮಿ ಹಂಟ್ ಆ ಶಿಫಾರಸಿಗೆ ಕೆಲವು ಮಾರ್ಪಾಡುಗಳೊಂದಿಗೆ ಒಪ್ಪಿಗೆ ಕೊಟ್ಟರು. ಜುಲೈನಲ್ಲಿ ಹೈಕೋರ್ಟು, ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ಮಾತು ಹೇಳಿದವು. ನೆರೆಯ ಆಸ್ಪತ್ರೆಗೆ ಕೈಹಾಕುವ ಅಧಿಕಾರ ಸಚಿವರಿಗಿರಲಿಲ್ಲ.

ಆಸ್ಪತ್ರೆ ಉಳಿಯಿತು. ಸರ್ಕಾರ 2014ರ ಆರೈಕೆ ಕಾಯ್ದೆಯಲ್ಲಿ, ಇಲ್ಲದ ಆ ಅಧಿಕಾರವನ್ನು ಬರೆದುಕೊಂಡಿತು. ವಿಜಯೋತ್ಸವದ ಕಥೆಯಲ್ಲಿ ಈ ಅಧ್ಯಾಯ ಹೆಚ್ಚಾಗಿ ಬಿಟ್ಟುಹೋಗುತ್ತದೆ.

"ಹನ್ನೆರಡು ವಾರ ಕೊಡಲೇಬೇಕು"

2008ರ ಸರ್ಕಾರಿ ಸಂಹಿತೆಯಲ್ಲಿ ಕನಿಷ್ಠ 12 ವಾರವೆಂದಿತ್ತು. 2012ರಲ್ಲಿ ಅದನ್ನು ಕೈಬಿಟ್ಟರು. ಈಗಿನ ಅಳತೆ ವಿಷಯಕ್ಕೆ ತಕ್ಕಷ್ಟು ಸಮಯ, ಅಷ್ಟೇ.

"ಜನರನ್ನು ಕೇಳದೆ ವಾರ್ಡಿಗೆ ಬೀಗ ಹಾಕುವಂತಿಲ್ಲ"

ಹಾಕಬಹುದು. ರೋಗಿಗಳ ಸುರಕ್ಷತೆಗೆ ಧಕ್ಕೆಯಿದೆ ಎಂದಾದರೆ ಸಮಾಲೋಚನೆ ಇಲ್ಲದೆಯೇ ತುರ್ತಾಗಿ ಸೇವೆ ನಿಲ್ಲಿಸಲು ಅವಕಾಶವಿದೆ. ಮಾರ್ಗರೆಟ್ ಥ್ಯಾಚರ್ ಹುಟ್ಟಿದ ಗ್ರ್ಯಾಂಥಮ್‌ನಲ್ಲಿ 2016ರ ಆಗಸ್ಟ್‌ನಲ್ಲಿ ವೈದ್ಯರ ಕೊರತೆಯಿಂದ ತುರ್ತು ವಿಭಾಗವನ್ನು ರಾತ್ರಿ ಹೊತ್ತು "ತಾತ್ಕಾಲಿಕವಾಗಿ" ಮುಚ್ಚಿದರು. ಆಸ್ಪತ್ರೆಯ ಭವಿಷ್ಯದ ಬಗ್ಗೆ ಜನರನ್ನು ವಿಧಿವತ್ತಾಗಿ ಕೇಳಿದ್ದು 2021ರ ಶರತ್ಕಾಲದಲ್ಲಿ. ಐದು ವರ್ಷದ ತಾತ್ಕಾಲಿಕ! ಅದೇ 2016ರಲ್ಲಿ ಇದೇ ಕಾರಣಕ್ಕೆ ಮುಚ್ಚಿದ ಚಾರ್ಲಿ ಎಂಬ ಊರಿನ ತುರ್ತು ವಿಭಾಗ 2017ರ ಜನವರಿಯಲ್ಲಿ ಹಗಲು ವೇಳೆಗಾದರೂ ತೆರೆಯಿತು. ಹಾಗಾಗಿ ತಾತ್ಕಾಲಿಕವೆಂದರೆ ಶಾಶ್ವತವೆಂದೇ ಅರ್ಥ ಎಂಬ ಗೊಣಗಾಟವೂ ಪೂರ್ತಿ ಸರಿಯಲ್ಲ.

"ಹತ್ತಿರದ ಆಸ್ಪತ್ರೆಯೇ ಜೀವ ಉಳಿಸುವುದು"

ಇದು ಒಡಲಾಳದಿಂದ ಬರುವ ನಂಬಿಕೆ, ಅಲುಗಾಡಿಸುವುದು ಕಷ್ಟ. 2010ರಲ್ಲಿ ಲಂಡನ್ ನಗರ ಪಾರ್ಶ್ವವಾಯು ರೋಗಿಗಳ ತುರ್ತು ಚಿಕಿತ್ಸೆಯನ್ನು ಸುಮಾರು 30 ಆಸ್ಪತ್ರೆಗಳಿಂದ ತೆಗೆದು 8 ವಿಶೇಷ ಘಟಕಗಳಿಗೆ ವಹಿಸಿತು. ಆಂಬುಲೆನ್ಸ್‌ಗಳು ಹತ್ತಿರದ ಆಸ್ಪತ್ರೆಯ ಮುಂದೆಯೇ ಹಾದು ದೂರದ ಘಟಕಕ್ಕೆ ಓಡತೊಡಗಿದವು. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಲೆಕ್ಕದಲ್ಲಿ, ಈ ಬದಲಾವಣೆಯಿಂದ ವರ್ಷಕ್ಕೆ ಸುಮಾರು 96 ಜೀವಗಳು ಹೆಚ್ಚುವರಿಯಾಗಿ ಉಳಿದವು. ಹಗಲೂ ರಾತ್ರಿ ತಜ್ಞರು, ಬಂದ ತಕ್ಷಣ ಸ್ಕ್ಯಾನ್, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಇದ್ದರೆ ಹಾದಿಯಲ್ಲಿ ಕಳೆದ ನಿಮಿಷಗಳನ್ನು ಆಸ್ಪತ್ರೆಯೊಳಗೆ ಮರಳಿ ಗಳಿಸಬಹುದು. ಗ್ರೇಟರ್ ಮ್ಯಾಂಚೆಸ್ಟರ್ ಮೊದಲ ಸುತ್ತಿನಲ್ಲಿ ಅರ್ಧಂಬರ್ಧ ಕೇಂದ್ರೀಕರಿಸಿತು. ಅಲ್ಲಿ ಸಾವಿನ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಲಂಡನ್ನಿನ ಫಲಿತಾಂಶವನ್ನೇ ತೋರಿಸಿ ಹಳ್ಳಿಗಾಡಿನ ಹೆರಿಗೆ ವಿಭಾಗ ಮುಚ್ಚುವುದು ಬೇರೆ ವಿಚಾರ. ಲಂಡನ್ನಿನ ದೂರಗಳೇ ಬೇರೆ, ಗುಡ್ಡಗಾಡಿನ ಒಂಟಿ ರಸ್ತೆಯೇ ಬೇರೆ.

"ಕೌನ್ಸಿಲ್ ಮನಸ್ಸು ಮಾಡಿದರೆ ತಡೆಯಬಹುದು"

ಇಲ್ಲಿ ಎರಡು ಬಾಗಿಲುಗಳು ಬೆರೆತುಹೋಗುತ್ತವೆ. ಸೇವೆ ಇರಬೇಕೋ ಬೇಡವೋ ಎನ್ನುವುದು ಎನ್‌ಎಚ್‌ಎಸ್ ನಿರ್ಧಾರ. ಆ ಜಾಗದಲ್ಲಿ ಏನು ಕಟ್ಟಬಹುದೆಂಬುದು ಕೌನ್ಸಿಲ್‌ನ ಯೋಜನಾ ವಿಭಾಗದ ನಿರ್ಧಾರ. ಸೇವೆಯ ಬದಲಾವಣೆಯನ್ನು ಸಚಿವರಿಗೆ ಒಪ್ಪಿಸುವ ಅಧಿಕಾರ ಕೌನ್ಸಿಲರ್‌ಗಳಿಗೆ ಇತ್ತು, 2024ರ ಜನವರಿ 31ರಂದು ಅದು ಹೋಯಿತು. ಈಗ ಸಚಿವರೇ ಮಧ್ಯಪ್ರವೇಶಿಸಬಹುದು, ಹಾಗೆ ಕೋರಿ ಯಾರು ಬೇಕಾದರೂ ಬರೆಯಬಹುದು.

ಯೋಜನಾ ಬಾಗಿಲಲ್ಲಿ ದೊಡ್ಡ ಭ್ರಮೆಯೆಂದರೆ, ಅನುಮತಿ ಸಿಕ್ಕರೆ ನೆರೆಹೊರೆಯವರು ಮೇಲ್ಮನವಿ ಹಾಕಬಹುದೆಂಬುದು. 1990ರ ಯೋಜನಾ ಕಾಯ್ದೆಯಂತೆ ಇಂಗ್ಲೆಂಡಿನಲ್ಲಿ ಆ ಹಕ್ಕು ಅರ್ಜಿದಾರನಿಗೆ ಮಾತ್ರ. ಅನುಮತಿ ತಪ್ಪಿದರೆ ಅವನು ಬ್ರಿಸ್ಟಲ್‌ನ ಪ್ಲಾನಿಂಗ್ ಇನ್ಸ್‌ಪೆಕ್ಟೊರೇಟ್‌ಗೆ ಹೋಗಬಹುದು, ಅಲ್ಲಿನ ಇನ್ಸ್‌ಪೆಕ್ಟರ್ ಪ್ರಕರಣವನ್ನು ಹೊಸದಾಗಿಯೇ ನೋಡುತ್ತಾರೆ. ಆಕ್ಷೇಪಿಸಿದವರಿಗೆ ಉಳಿಯುವುದು ನ್ಯಾಯಾಂಗ ಪರಿಶೀಲನೆ, ಅದೂ ಆರು ವಾರದೊಳಗೆ. ಆಸ್ಪತ್ರೆ ಸೇವೆಯ ನಿರ್ಧಾರ ಪ್ರಶ್ನಿಸಲು ಗರಿಷ್ಠ ಮೂರು ತಿಂಗಳಿದೆ. ಎರಡಕ್ಕೂ ಒಂದೇ ಗಡುವೆಂದುಕೊಂಡರೆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ.

ಮನೆ ವಿಸ್ತರಣೆಯಂಥ ಸಣ್ಣ ಪ್ರಕರಣಗಳ ಮೇಲ್ಮನವಿಯಲ್ಲಿ ನೆರೆಯವರು ಹೊಸದಾಗಿ ಏನೂ ಸೇರಿಸುವಂತಿಲ್ಲ, ಕೌನ್ಸಿಲ್‌ಗೆ ಮೊದಲು ಬರೆದ ಪತ್ರವೇ ಕೊನೆಯ ಮಾತು. ಆ ಪತ್ರದಲ್ಲಿ ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹೋಗುತ್ತದೆ ಎಂದಿದ್ದರೆ ಅದು ಗಣನೆಗೆ ಬಾರದು. ಬೆಳಕು, ಸದ್ದು, ಸಂಚಾರ, ಇಣುಕುನೋಟ ಗಣನೆಗೆ ಬರುತ್ತವೆ.

ಪಕ್ಕದ ಐರ್ಲೆಂಡಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ 20 ಯೂರೋ ಕಟ್ಟಿ ಮೊದಲೇ ಆಕ್ಷೇಪಣೆ ಸಲ್ಲಿಸಿದ ನೆರೆಯವರೂ ನಾಲ್ಕು ವಾರದೊಳಗೆ ಮೇಲ್ಮನವಿ ಹಾಕಬಹುದು. ಸರ್ಕಾರದ ನೆಚ್ಚಿನ ಯೋಜನೆಗೆ ತಡೆಯಿರದೆಂಬ ಮಾತೂ ಅಲ್ಲಿ ಸುಳ್ಳಾಗಿದೆ. ಡಬ್ಲಿನ್ನಿನ ಮೇಟರ್ ಆಸ್ಪತ್ರೆ ಆವರಣದಲ್ಲಿ ರಾಷ್ಟ್ರೀಯ ಮಕ್ಕಳ ಆಸ್ಪತ್ರೆ ಕಟ್ಟಲು ಸರ್ಕಾರವೇ ನಿಶ್ಚಯಿಸಿತ್ತು. 2012ರ ಫೆಬ್ರವರಿಯಲ್ಲಿ ಯೋಜನಾ ಮಂಡಳಿ, ಕಟ್ಟಡದ ಎತ್ತರ ಮತ್ತು ಗಾತ್ರ ನಗರದ ನೋಟಕ್ಕೆ ಧಕ್ಕೆ ತರುತ್ತದೆಂದು ಅನುಮತಿ ನಿರಾಕರಿಸಿತು. ಸೇಂಟ್ ಜೇಮ್ಸ್ ಆವರಣದಲ್ಲಿ ಬೇರೆ ಜಾಗ ಹುಡುಕಿ ಅನುಮತಿ ಪಡೆಯುವಷ್ಟರಲ್ಲಿ 2016 ಬಂದಿತ್ತು.

"ಬಡಾವಣೆ ಕಟ್ಟುವವರು ಆಸ್ಪತ್ರೆಗೂ ದುಡ್ಡು ಕೊಡುತ್ತಾರೆ"

ಕೊಡಲೇಬೇಕೆಂದಿಲ್ಲ. ಲೆಸ್ಟರ್‌ಶೈರ್‌ನ ಲಟರ್‌ವರ್ತ್ ಬಳಿ 2,750 ಮನೆಗಳ ಯೋಜನೆ ಬಂದಾಗ, ಹೊಸ ನಿವಾಸಿಗಳ ಚಿಕಿತ್ಸೆಗೆಂದು ಲೆಸ್ಟರ್‌ನ ಆಸ್ಪತ್ರೆ ಟ್ರಸ್ಟ್ 9 ಲಕ್ಷ ಪೌಂಡ್‌ಗೂ ಹೆಚ್ಚು ಕೇಳಿತು. ಕೌನ್ಸಿಲ್ ಆ ಬೇಡಿಕೆಯಿಲ್ಲದೆಯೇ ಅನುಮತಿ ಕೊಟ್ಟಿತು, ಟ್ರಸ್ಟ್ ಕೋರ್ಟಿಗೆ ಹೋಯಿತು, 2023ರಲ್ಲಿ ಸೋತಿತು. ಎನ್‌ಎಚ್‌ಎಸ್‌ಗೆ ಸರ್ಕಾರ ಹಣ ಹಂಚುವಾಗ ಜನಸಂಖ್ಯೆಯ ಅಂದಾಜನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಕೊರತೆ ನಿಜವಾಗಿ ಇದೆ, ಅದು ಈ ಬಡಾವಣೆಯಿಂದಲೇ ಹುಟ್ಟಿದೆ ಎಂದು ಟ್ರಸ್ಟ್ ತೋರಿಸಬೇಕಿತ್ತು. ಅಂಥ ಲೆಕ್ಕಪತ್ರ ಅದರ ಕೈಯಲ್ಲಿರಲಿಲ್ಲ.