ಗೆದ್ದವರ ಗುಡಿ, ಮಡಿದವರ ಕಲ್ಲು: ಬೇಲೂರು, ಹಳೇಬೀಡು, ಅರಸೀಕೆರೆಯ ಯುದ್ಧಸ್ಮೃತಿ

ಹಾಸನ ಜಿಲ್ಲೆಯ ಬೇಲೂರು ಮತ್ತು ಹಳೇಬೀಡುಗಳನ್ನು ಶಿಲ್ಪಕಲೆಯ ನೆಲೆಗಳೆಂದು ನೋಡುವುದೇ ರೂಢಿಯಾಗಿದ್ದು, 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದೊಂದಿಗೆ ಅವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಆ ಕಾರಣದಿಂದಲೇ. ಆದರೆ ಈ ಗುಡಿಗಳಲ್ಲಿ ಹಲವು, ನೆರೆರಾಜ್ಯಗಳೊಡನೆ ನಡೆದ ಯುದ್ಧಗಳ ನೆನಪನ್ನೂ ಉಳಿಸಿಕೊಂಡಿವೆ. ಗುಡಿಗಳ ಸುತ್ತ, ಕೆರೆಯೇರಿಗಳ ಮೇಲೆ, ಊರ ಬಾಗಿಲುಗಳ ಬಳಿ ನಿಂತಿರುವ ವೀರಗಲ್ಲುಗಳನ್ನೂ ಸೇರಿಸಿಕೊಂಡು ಓದಿದರೆ, ಅರಸೀಕೆರೆಯವರೆಗಿನ ಈ ಸೀಮೆ ಕರ್ನಾಟಕದ ಸೈನಿಕ ಇತಿಹಾಸದ ಬಹು ದೊಡ್ಡ ದಾಖಲೆಯಾಗಿ ಕಾಣುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಗೊಂಡಾಗ ಅಲ್ಲಿನ ದೇವರಿಗೆ ಇಟ್ಟ ಹೆಸರು ವಿಜಯನಾರಾಯಣ. ಅದರ ಹಿಂದಿನ ವರ್ಷವಷ್ಟೇ ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ, ಎಂದರೆ ಸೇನಾಪತಿ, ಗಂಗರಾಜನು ತಲಕಾಡಿನಲ್ಲಿ ಚೋಳರ ಅಧಿಕಾರಿಯನ್ನು ಸೋಲಿಸಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಚೋಳರ ಕೈಯಲ್ಲಿದ್ದ ಗಂಗವಾಡಿಯನ್ನು ಮರಳಿ ಗೆದ್ದಿದ್ದನು. ಹೊಯ್ಸಳರು ಆಗಿನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರಿಂದ, ಈ ಬೆಳವಣಿಗೆಯನ್ನು ಸಹಿಸದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಹನ್ನೆರಡು ಮಂದಿ ಸಾಮಂತರೊಡನೆ ಸೈನ್ಯವನ್ನು ಕಳುಹಿಸಿದಾಗ, ಕಣ್ಣೇಗಾಲದ ಬೀಡಿನ ಮೇಲೆ ಗಂಗರಾಜನೇ ರಾತ್ರಿ ದಾಳಿಯಿಟ್ಟು ಅದನ್ನು ಚದುರಿಸಿದನು. ಅರಸನು ಮೆಚ್ಚಿ ಕೊಟ್ಟ ಪರಮ ಎಂಬ ಗ್ರಾಮವನ್ನು ಆತ ಜಿನಾಲಯಗಳಿಗೆ ದತ್ತಿ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ.

ಇದೇ ಗಂಗರಾಜನ ನೆನಪಿಗಾಗಿ ಆತನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿ ಹಳೇಬೀಡಿಗೆ ಅಂಟಿಕೊಂಡಿರುವ ಬಸ್ತಿಹಳ್ಳಿಯಲ್ಲಿದೆ. ಪ್ರತಿಷ್ಠೆಯ ಪ್ರಸಾದವನ್ನು ಪುರೋಹಿತರು ಬಂಕಾಪುರದ ಬೀಡಿಗೆ ಒಯ್ದಾಗ ವಿಷ್ಣುವರ್ಧನನು ಮಸಣನೆಂಬ ವೈರಿಯನ್ನು ಗೆದ್ದಿದ್ದನು. ಅದೇ ಹೊತ್ತಿಗೆ ಆತನಿಗೆ ಮಗನೂ ಹುಟ್ಟಿದ್ದನು. ಎರಡು ಸಂತೋಷಗಳೂ ಒಟ್ಟಿಗೆ ಬಂದವೆಂದು ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಕೂಸಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂಬುದು ಬಸದಿಯ ಶಾಸನದಲ್ಲಿದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಕೆಳಸಾಲುಗಳಲ್ಲಿ ಆನೆಗಳೂ ಕುದುರೆ ಸವಾರರೂ ಕಿಕ್ಕಿರಿದಿದ್ದು, ಮೇಲಿನ ಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತಗಳ ಕಾಳಗಗಳು ಸಾಗುತ್ತವೆ. ಹೆಚ್ಚಿನ ಪ್ರವಾಸಿಗರು ಇವನ್ನು ನೋಡಿ ಹಿಂದಿರುಗುತ್ತಾರೆ. ಗುಡಿಯ ದಕ್ಷಿಣಕ್ಕಿರುವ ಕಂಬವೊಂದರ ಎದುರು ಅವರು ಇನ್ನಷ್ಟು ಹೊತ್ತು ನಿಲ್ಲಬೇಕು. ಅದು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಸ್ಮಾರಕವಾಗಿದ್ದು, ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಕಿರುಶಿಲ್ಪಗಳು ಅದರ ಸುತ್ತ ಇವೆ. ಒಡೆಯನೊಡನೆ ಬದುಕಿ ಒಡೆಯನೊಡನೆ ಸಾಯುವೆನೆಂದು ಭಾಷೆ ಕೊಟ್ಟ ಅಂಗರಕ್ಷಕರನ್ನು ಆ ಕಾಲದಲ್ಲಿ ಗರುಡರೆಂದೂ ಲೆಂಕರೆಂದೂ ಕರೆಯುತ್ತಿದ್ದರು. ಆ ಪ್ರತಿಜ್ಞೆಯ ಗುರುತಾಗಿ ಲಕ್ಷ್ಮನು ಎಡಗಾಲಿಗೆ ತೊಡರು, ಅಂದರೆ ವೀರರ ಕಾಲ್ಬಳೆ, ಧರಿಸಿದ್ದನು. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮ, ಆತನ ಮಡದಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರು ಪ್ರಾಣ ಬಿಟ್ಟರೆಂಬುದು ಈ ಕಂಬದ ಕಥೆ. ಶಾಸನದ ಪಠ್ಯ ಮಾತ್ರ ಮಧ್ಯದಲ್ಲೇ ನಿಂತುಹೋಗಿದೆ. ಈ ನಿಷ್ಠೆಯನ್ನು ಮೆಚ್ಚುವವರೂ, ಅಷ್ಟು ಜೀವಗಳು, ಅದರಲ್ಲೂ ಹೆಂಡತಿಯ ಜೀವ, ಒಬ್ಬ ಅರಸನ ಸಾವಿಗೆ ತೆತ್ತ ಬೆಲೆಯಾದವೆಂಬುದನ್ನು ಮರೆಯುವಂತಿಲ್ಲ.

ಅರಸೀಕೆರೆಯ ಈಶ್ವರ ದೇವಾಲಯವೂ 1220ರ ಸುಮಾರಿನದೇ. ಅದರ ನಕ್ಷತ್ರಾಕಾರದ ತೆರೆದ ಮಂಟಪ ಹೊಯ್ಸಳ ವಾಸ್ತುವಿನಲ್ಲೇ ಅಪರೂಪವಾದದ್ದು. ಯುದ್ಧದ ದೃಷ್ಟಿಯಿಂದ ಅದೇ ಊರಿನ ಸಹಸ್ರಕೂಟ ಜಿನಾಲಯಕ್ಕೆ ಹೆಚ್ಚಿನ ಮಹತ್ವವಿದೆ. ಅದನ್ನು ಕಟ್ಟಿಸಿದ ರೇಚರಸನು ಮೊದಲು ಕಳಚುರಿಗಳ ಮಂತ್ರಿಯಾಗಿದ್ದು, ಅವರ ರಾಜ್ಯ ಕುಸಿದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದವನು. ಸೋತ ಪಕ್ಷದ ಅಧಿಕಾರಿ ಗೆದ್ದವರ ನಾಡಿನಲ್ಲಿ ಗೌರವದಿಂದ ನೆಲೆಯೂರಿ ಗುಡಿ ಕಟ್ಟಿಸುವುದು ಆ ಕಾಲದ ಯುದ್ಧನೀತಿಯ ಇನ್ನೊಂದು ಮುಖ.

ಹೊಯ್ಸಳರಿಗೆ ದೀರ್ಘಕಾಲದ ವೈರಿಗಳಾದವರು ಉತ್ತರದ ನೆರೆಯವರಾದ ದೇವಗಿರಿಯ ಸೇವುಣರು. 1190ರಲ್ಲಿ ಗದಗ ಸೀಮೆಯ ಸೊರಟೂರಿನಲ್ಲಿ ಬಲ್ಲಾಳನು ಸೇವುಣ ಭಿಲ್ಲಮನನ್ನು ಸೋಲಿಸಿದ್ದನು. ಎಂಬತ್ತೈದು ವರ್ಷಗಳ ಬಳಿಕ ಸೇವುಣರ ದಂಡನಾಯಕ ಸಾಳುವ ತಿಕ್ಕಮನು ರಾಜಧಾನಿ ದೋರಸಮುದ್ರದ, ಅಂದರೆ ಈಗಿನ ಹಳೇಬೀಡಿನ, ಹೊಸ್ತಿಲಿಗೇ ಬಂದನು. 1276ರ ಏಪ್ರಿಲ್‌ನಲ್ಲಿ ಸಮೀಪದ ಬೆಳವಾಡಿಯಲ್ಲಿ ನಡೆದ ಕಾಳಗದಲ್ಲಿ ಆತನನ್ನು ಸೋಲಿಸಿ ದುಮ್ಮಿಯವರೆಗೆ ಅಟ್ಟಲಾಯಿತೆಂದು ಹೊಯ್ಸಳ ಶಾಸನಗಳು ಹೇಳುತ್ತವೆ. ಆದರೆ ತಿಕ್ಕಮನು ಮರುವರ್ಷ ಹರಿಹರದಲ್ಲಿ ಗುಡಿ ಕಟ್ಟಿಸಿ, ಗೆಲುವು ತನ್ನದೆಂದೇ ಶಾಸನ ಬರೆಸಿದನು. 1965ರ ಯುದ್ಧದ ಬಗ್ಗೆ ಭಾರತ ಮತ್ತು ಪಾಕಿಸ್ತಾನಗಳು ಬೇರೆ ಬೇರೆ ಕಥೆಗಳನ್ನು ಹೇಳುವುದನ್ನೂ, ಪಾಕಿಸ್ತಾನವು ಸೆಪ್ಟೆಂಬರ್ 6ನ್ನು ರಕ್ಷಣಾ ದಿನವಾಗಿ ಆಚರಿಸುವುದನ್ನೂ ಬಲ್ಲ ಓದುಗರಿಗೆ ಇದು ಹೊಸದೆನಿಸದು. ರಾಜಧಾನಿ ಉಳಿಯಿತೆಂಬುದರಿಂದ ದಾಳಿಯ ಗುರಿ ಕೈಗೂಡಲಿಲ್ಲವೆನ್ನಬಹುದು. ಕೊಳ್ಳೆ ಹೊಡೆದ ಸಂಪತ್ತಿನೊಡನೆ ತಿಕ್ಕಮ ಮರಳಿದನೆಂಬ ಮಾತನ್ನೂ ತಳ್ಳಿಹಾಕಲಾಗದು.

ಇಬ್ಬರು ನೆರೆಯವರ ಈ ಕದನಗಳಿಂದ ಇಬ್ಬರೂ ಬಳಲಿದರು. 1311ರಲ್ಲಿ ಮುಮ್ಮಡಿ ಬಲ್ಲಾಳನು ತಮಿಳುನಾಡಿನ ಕಡೆ ದಂಡೆತ್ತಿ ಹೋಗಿದ್ದ ಸಮಯದಲ್ಲಿ ದೆಹಲಿಯ ಮಲಿಕ್ ಕಾಫರನ ಸೈನ್ಯ ದೋರಸಮುದ್ರವನ್ನು ಮುತ್ತಿತು. ಆತನಿಗೆ ದಾರಿ ಒದಗಿಸಿದ್ದು ಆಗಲೇ ದೆಹಲಿಗೆ ತಲೆಬಾಗಿದ್ದ ದೇವಗಿರಿ. ಬಲ್ಲಾಳನು ಸಂಪತ್ತು, ಆನೆ, ಕುದುರೆಗಳನ್ನು ಕೊಟ್ಟು ಸಂಧಿ ಮಾಡಿಕೊಂಡನು. 1327ರಲ್ಲಿ ದೆಹಲಿಯ ಸೈನ್ಯ ಮತ್ತೆ ದಾಳಿಯಿಟ್ಟ ನಂತರ ನಗರ ಚೇತರಿಸಿಕೊಳ್ಳಲಿಲ್ಲ.

ಅರಸರ ಗೆಲುವು ಗುಡಿಗಳಾದರೆ ಸಾಮಾನ್ಯ ಸೈನಿಕನ ಪಾಲಿಗೆ ಬಂದದ್ದು ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿದ್ದು, ಕೆಳಗೆ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಅಥವಾ ಜಿನನ ಸನ್ನಿಧಿಯಲ್ಲಿ ಕುಳಿತ ವೀರ ಇರುತ್ತಾರೆ. ರಾಜರ ದಂಡಯಾತ್ರೆಯಲ್ಲಿ ಸತ್ತವರಿಗಷ್ಟೇ ಅಲ್ಲ, ಶತ್ರುಗಳು ಹಿಡಿದೊಯ್ಯುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ತುರುಗಾಳಗದಲ್ಲಿ ಬಿದ್ದವರಿಗೂ ಇಂಥ ಕಲ್ಲುಗಳಿವೆ. ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿಯನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟದಲ್ಲಿ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಇಂಥ ಅನೇಕ ಬರಹಗಳು ಸೇರಿವೆ.

ಈ ಪದ್ಧತಿ ಅರಸರೊಡನೆ ಅಳಿಯಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ ಯೋಧರ ಹೆಸರುಗಳನ್ನು ಕೆತ್ತಿರುವ ಆವರಣದಲ್ಲಿ ನಿಲ್ಲಿಸಿದ್ದು ಭಾರಿ ಏಕಶಿಲೆಯ ವೀರಗಲ್ಲನ್ನೇ. ಅದಕ್ಕೆ ಕಾವಲಿದೆ, ಗೌರವವಂದನೆಯಿದೆ. ಅದರ ಹಿರಿಯ ಬಳಗವಾದ ಹಳ್ಳಿಯ ಕಲ್ಲುಗಳಲ್ಲಿ ಎಷ್ಟೋ ಮಣ್ಣಿನಲ್ಲಿ ಅರ್ಧ ಹೂತಿದ್ದು, ಅಕ್ಷರ ಸವೆಯುವ ಮುನ್ನ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಕಲ್ಲುಗಳನ್ನು ಗುರುತಿಸಿ, ಅವು ನಿಂತಲ್ಲೇ ನೆರಳು ಮತ್ತು ಬೇಲಿ ಒದಗಿಸಿ, ಪ್ರತಿಯೊಂದರ ಓದನ್ನೂ ಪಕ್ಕದಲ್ಲೇ ಫಲಕವಾಗಿ ಹಾಕಿಸಬೇಕು.